ಸಾಲಿನ ಕೊನೆಯಲ್ಲಿದ್ದವಳು

ಅಮ್ಮನಿಗೆ,

ಶನಿವಾರ ಸಂಜೆ ನಮ್ಮ ಗೇಶಾ ನರ್ತಕಿಯರ ಬೀದಿ ನೋಡಲು ಗೈಡ್ ಹಿಂದೆ ಬಂದ ಪ್ರವಾಸಿಗರ ಸಾಲಿನ ಕೊನೆಯಲ್ಲಿ ನಿನ್ನನ್ನು ಕಂಡೆ. ನೃತ್ಯ ಕಲಿಯಲು ಕ್ಯೋಟೋಗೆ ಬಂದಮೇಲೆ ನಿನ್ನ ಮುಖ ನೋಡಿದ್ದು ಅದೇ ಮೊದಲು. ನನ್ನ ಮುಖಕ್ಕೆ ಅಷ್ಟು ಬಿಳಿ ಬಳಿದಿದ್ದರೂ ನೀನು ಗುರುತು ಹಿಡಿದೆ.

ಫೋಟೊಗಾಗಿ ಮುತ್ತಿಕೊಂಡವರಲ್ಲಿ ಒಬ್ಬ ನನ್ನ ಕಿಮೊನೊ ತೋಳು ಹಿಡಿದೆಳೆದಾಗ ನೀನು, "ಬಿಡ್ರೋ ಅವಳನ್ನ! ನನ್ನ ಮಗಳು ಕಣ್ರೋ!" ಎಂದು ಕೂಗಿದೆ.

"ನಮಗೂ ಇಂಥ ಮಗಳು ಇದ್ದಿದ್ರೆ!" ಎಂದು ಅವನು ನಕ್ಕ.

"ಅಜ್ಜಿ, ಅವ್ರನ್ನ ಮಾತಾಡಿಸೋ ಹಾಗಿಲ್ಲ, ಸಾಲಿಗೆ ಬನ್ನಿ" ಎಂದಳು ಗೈಡ್.

ನಿನಗಿನ್ನೂ ನಲವತ್ತಾರು. ಟೋಪಿಯ ಕೆಳಗೆ ಒಂದು ಕೂದಲೂ ಕಾಣಲಿಲ್ಲ. ಬರೀ ಕೆಮ್ಮು ಎಂದು ಬರೆಯುತ್ತಿದ್ದೆಯಲ್ಲ.

ನಾನು ಕುಣಿಯಬೇಕಿದ್ದ ಚಹಾಮನೆಯಲ್ಲಿ ಅತಿಥಿಗಳು ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ ನಡೆದುಬಿಟ್ಟೆ.

ಮರುದಿನ ನಾವಿರುವ ಗೇಶಾ ಮನೆಯ ಒಡತಿಯನ್ನು ರಜೆ ಕೇಳಿದೆ. "ವಸಂತದ ನೃತ್ಯ ಮುಗೀಲಿ ಕಣೇ. ಈಗ ಹೋದ್ರೆ ಮತ್ತೆ ಈ ಮೆಟ್ಟಿಲು ಹತ್ತಬೇಡ" ಎಂದರು. ಹಾಗೆನ್ನುವಾಗ ಅವರ ಕಣ್ಣೂ ತುಂಬಿತ್ತು. ನಾನು ಒಳಗೆ ಹೋಗಿ ಮುಡಿ ಬಿಚ್ಚಿದೆ. ನನಗೆ ಕಲಿಸುವ ಹಿರಿಯ ಗೇಶಾ ಕೊಯುಕಿ ಅಕ್ಕ, ಮುಡಿ ನಿಲ್ಲಲು ಹಚ್ಚಿದ್ದ ಮೇಣ ಹೋಗುವವರೆಗೂ ಬಿಸಿನೀರು ಹೊಯ್ದಳು.

ಗುರುವಾರದ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ. ಚಿಲಕ ತೆಗೆದಿಟ್ಟು ಮಲಗಿರು, ಗಂಜಿ ನಾನೇ ಮಾಡುತ್ತೇನೆ. ನೃತ್ಯ ಬಿಟ್ಟಿದ್ದಕ್ಕೆ ಬೈಯುವುದಿದ್ದರೆ ಬೈಯಿ. ಆದರೆ ಡಾಕ್ಟರು ಹೇಳಿದ್ದನ್ನು ಮಾತ್ರ ಇದ್ದಂತೆಯೇ ಹೇಳು. ನನಗೀಗ ಹದಿನೆಂಟು, ತಡೆದುಕೊಳ್ಳುತ್ತೇನೆ.

ನಿನ್ನ
ಚಿನತ್ಸು