ಒಳಕಲ್ಲಿಗೆ ಯಾರ ಕಣ್ಣೂ ಹತ್ತುವುದಿಲ್ಲ

ಮೇ 19, ಬೆಳಿಗ್ಗೆ

ಕೊನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ಎರಡು ಇಂಗ್ಲಿಷ್ ವಾಕ್ಯ ಆದವು. ಸಮ ಸಮ ಹೋಲಿಸುವ ಪಾಠ — ಆಚೆ ಈಚೆ ‘ಆ್ಯಸ್’, ನಡುವೆ ಗುಣ. ಟ್ಯೂಷನ್ನಿನ ಮೀರಾಬಿ ಟೀಚರ್ ಹೇಳಿದ್ದು: “ಪುಸ್ತಕದಾಗಿನ ಸಿಂಹ-ಗಿಂಹ ಬ್ಯಾಡ. ಮನ್ಯಾಗ ಕಂಡಿದ್ದು ಬಾಯಿಬಿಟ್ಟು ಹೇಳ್ರಿ.” ಹೇಳಿದೆ. ಅವರ್ ಬಫಲೋ ಈಸ್ ಆ್ಯಸ್ ಬ್ಲ್ಯಾಕ್ ಆ್ಯಸ್ ಮಲ್ಲಿಕಾಸ್ ಬಫಲೋ. ಆಮೇಲೆ — ಇವರ ಗೊರಕೆ ಟ್ರ್ಯಾಕ್ಟರಿನಷ್ಟೇ ಜೋರು. ಒಬ್ಬಳೇ ನಕ್ಕೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಬಾಕಿ, ಮದುವೆಗೆ ಮುಂಚಿನದು. ಈ ಸಲ ಪಾಸಾದರೆ ಪಿಯುಸಿ, ಆಮೇಲೆ ಅಂಗನವಾಡಿ ಟೀಚರ್. ಆಗಲೇಬೇಕು.

ಮೇ 21

ಅಮೃತಾಳನ್ನು ಎತ್ತಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ — ನನ್ನ ಮಗಳು ಜೋಳದ ಚೀಲದಷ್ಟೇ ಭಾರ. ಪಡಸಾಲೆಯಿಂದ ಅತ್ತೆ, “ಏನಂದಿ ಕೂಸಿಗೆ?” ಕನ್ನಡದಲ್ಲಿ ಹೇಳಿಬಿಟ್ಟೆ. ಸುಮ್ಮನಿರಬೇಕಿತ್ತು!

“ಹೆತ್ತಾಕಿ ಕಣ್ಣು ಮೊದಲ ಕೆಟ್ಟದ್ದು. ಬಾಯಿಬಿಟ್ಟು ಬ್ಯಾರೆ ತೂಗತೀಯೇನಬೇ?”

ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ದೃಷ್ಟಿ ಬಲವಾಗಿದ್ದರೆ ಘಾಟು ಬರುವುದಿಲ್ಲವಂತೆ. ಬರಲಿಲ್ಲ.

ಮೇ 22

ಅಮೃತಾಗೆ ಜ್ವರ. ಪಕ್ಕದ ಮನೆ ಮಲ್ಲಿಕಾಳ ಮಗನಿಗೂ ಜ್ವರ, ಓಣಿಗೇ ಜ್ವರ. ಅತ್ತೆಗೆ ಅದೆಲ್ಲ ಬೇಡ. “ನಿನ್ನ ಇಂಗ್ಲಿಷ್ ಗಂಟು ಕಟ್ಟಿ ಇಡು.” ಇವರ ಕಡೆ ನೋಡಿದೆ. ಇವರು ರೊಟ್ಟಿ ಕಡೆ ನೋಡಿದರು. ಸಿಟ್ಟಿಗೆ ಅಳು ಬಂತು.

ಜೂನ್ 2

ಕೂಸು ಎದ್ದು ಕುಣಿಯುತ್ತಿದೆ. ನಾನು ಮಾತ್ರ ಆಗಿನಿಂದ ಓದಿಲ್ಲ. ಇವತ್ತು ಮೀರಾಬಿ ಟೀಚರ್ ತಾವೇ ಬಂದರು. ಅತ್ತೆ ತಕರಾರು ಹೇಳಿದರೆ ಟೀಚರ್ ಒಪ್ಪಿಕೊಂಡೇಬಿಟ್ಟರು!

“ಖರೇ ಐತ್ರಿ ಅಮ್ಮಾರ. ನಮ್ಮನ್ಯಾಗೂ ನಜರ್ ತೆಗೀತೀವ್ರಿ. ಕೂಸು, ದನಾ ಬಿಡೂಣು. ಮತ್ತ ಏನು ಹೋಲಸಬೇಕು, ನೀವ ಹೇಳ್ರಿ.”

ಅತ್ತೆ ಮೂಲೆಯಲ್ಲಿದ್ದ ರುಬ್ಬುವ ಕಲ್ಲಿನ ಕಡೆ ಕೈ ತೋರಿಸಿದರು. “ಒಳಕಲ್ಲಿಗೆ ಯಾರ ಕಣ್ಣೂ ಹತ್ತಂಗಿಲ್ಲ.”

ರಾಜಿ ಆಯಿತು. ಕುಣಿಯುವುದೊಂದು ಬಾಕಿ.

ಜೂನ್ 9

ಒಳಕಲ್ಲು ಬೀಸುಕಲ್ಲಿನಷ್ಟೇ ಗಟ್ಟಿ. ಹಂಚು ಒಲೆಯಷ್ಟೇ ಬಿಸಿ. ಅತ್ತೆ ಕಾವಲು ಕೂರುತ್ತಾರೆ. ಈಗೀಗ ಸಾಮಾನು ಹುಡುಕಿ ಕೊಡುವವರೂ ಅವರೇ. “ಕೊಡ್ಲಿ ಆತೇನು? ಕುಡಗೋಲು ತಗೋ.” ಕುಡುಗೋಲು ನನ್ನ ಅತ್ತೆಯ ನಾಲಿಗೆಯಷ್ಟೇ ಹರಿತ, ಅಂದೆ — ಇಂಗ್ಲಿಷಿನಲ್ಲಿ.

“ಏನಂದಿ?”

“ಕೊಡ್ಲಿಯಷ್ಟ ಹರಿತ ಅಂದೆರಿ, ಅತ್ತಿ.”

ಮೆಚ್ಚಿ ತಲೆಯಾಡಿಸಿದರು.

ಜೂನ್ 16, ಬೆಳಿಗ್ಗೆ

ಇವತ್ತು ಪೇಪರ್. ಅಣ್ಣಿಗೇರಿವರೆಗೆ ಇವರೇ ಗಾಡಿಯಲ್ಲಿ ಬಿಡುತ್ತಾರೆ. ಇಸ್ತ್ರಿ ಸೀರೆ ಉಟ್ಟು ಹೊರಗೆ ಬಂದೆ. ಅತ್ತೆ ಮಗನಿಗೆ, “ನೋಡೋ, ಟೀಚರಷ್ಟ ಶಾಣ್ಯಾ ಕಾಣಾಕತ್ತಾಳ ನಮ್ಮ ಸುವರ್ಣಾ” ಅಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು. “ಅಯ್ಯ ಶಿವನ, ನಾನ ಅಂದ್ನಲ್ಲ! ನಿಲ್ಲಬೇ ಅಲ್ಲೇ.”

ಹಿಡಿ ಉಪ್ಪು, ಮೆಣಸಿನಕಾಯಿ. ತಲೆಯಿಂದ ಕಾಲಿನವರೆಗೆ ಇಳಿಸಿದರು. ಈ ಮನೆಗೆ ಬಂದಮೇಲೆ ನನಗೆ ಯಾರೂ ದೃಷ್ಟಿ ತೆಗೆದಿರಲಿಲ್ಲ. ಕಣ್ಣು ತುಂಬಿತು. ಘಾಟಿಗೆ ಅನ್ನೋಣವೆಂದರೆ ಇನ್ನೂ ಒಲೆಗೆ ಹಾಕೇ ಇರಲಿಲ್ಲ.

ಹಾಕಿದರು. ಎಲ್ಲರೂ ಮೂಗು ಮೇಲೆ ಮಾಡಿ ನಿಂತೆವು.

ಘಾಟು ಬರಲಿಲ್ಲ. ಅಂದರೆ ಅತ್ತೆ ಮನಸ್ಸಿಟ್ಟೇ ಅಂದದ್ದು.

ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಪೆನ್ನು ಇದೊಂದೇ, ಇದನ್ನೇ ಒಯ್ಯಬೇ—