ಸ್ಪೀಕರ್ ವಾಪಸ್ ಹೋಗುವುದಿಲ್ಲ

ತಮ್ಮಾ,

ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟಿದ್ದೇನೆ. ಸಂಜೆ ಹೊಸ ಸ್ಪೀಕರುಗಳನ್ನು ಅಂಗಡಿಗೆ ವಾಪಸ್ ಕೊಡುತ್ತೇನೆಂದು ಹಾರಾಡಿದೆಯಲ್ಲ, ಹೋಗಬೇಡ.

"ಏಳನೇ ಕ್ಲಾಸ್ ಓದಿದ ಅಕ್ಕಂಗೆ ರೆಕಾರ್ಡಿಂಗ್ ಏನ್ ಗೊತ್ತು" ಅಂದೆ. ಗೊತ್ತಿಲ್ಲ ಕಣೋ. ನನ್ನ ಹೊಲಿಗೆ ಮೆಷಿನ್ನಿನ ಸದ್ದು ಗೊತ್ತು. ಅದನ್ನೇ ಫೋನಿನಲ್ಲಿ ತುಂಬಿಕೊಂಡು ಹೋಗಿ ಒಂದೊಂದು ಸ್ಪೀಕರಿನಲ್ಲೂ ಹಾಕಿಸಿದೆ. ಅಂಗಡಿಯವನು ನಕ್ಕ, ನಗಲಿ. ದೊಡ್ಡ ದೊಡ್ಡದರಲ್ಲಿ ನನ್ನ ಮುದಿ ಮೆಷಿನ್ನೂ ಹೊಸದರಂತೆ ಗುಂಯ್ಗುಟ್ಟಿತು. ಈ ಜೋಡಿಯಲ್ಲಿ ಮಾತ್ರ ಅದರ ಸಡಿಲ ಸ್ಕ್ರೂ ಟಕಟಕ ಅಂದದ್ದು ಕೇಳಿಸಿತು. ಅದಕ್ಕೇ ಇದನ್ನು ತಂದೆ.

ಇದರಲ್ಲಿ ನಿನ್ನ ದನಿ ಕೆಟ್ಟದಾಗಿ ಕೇಳಿಸುತ್ತದೆಯಂತೆ! ಎರಡನೇ ಚರಣದಲ್ಲಿ ನೀನು ಶ್ರುತಿ ತಪ್ಪುತ್ತೀಯ, ಕೇಳಿಸದೆ ಇನ್ನೇನು? ರೇಡಿಯೋದವರು ಮೂರು ಸಲ ನಿನ್ನ ಹಾಡು ಬೇಡವೆಂದದ್ದೂ ಅದಕ್ಕೇ. ಹಳೇ ಸ್ಪೀಕರ್ ನಿನ್ನನ್ನು ಮುದ್ದು ಮಾಡಿ ಕೆಡಿಸಿತು.

ಹಾಡು ಕಳಿಸಲು ನಾಳೆಯೇ ಕೊನೆ ದಿನ. ಊಟ ಮುಚ್ಚಿಟ್ಟಿದ್ದೇನೆ, ತಿಂದು ಆ ಚರಣ ಮತ್ತೆ ಹಾಡು. ಸ್ಪೀಕರನ್ನು ಗೋಡೆಗೆ ಒತ್ತಿ ಇಡಬೇಡ, ಇದೂ ಗುಂಯ್ಗುಟ್ಟಿ ತಪ್ಪು ಮುಚ್ಚಿಬಿಡುತ್ತದೆ.

ರಟ್ಟಿನ ಡಬ್ಬಿಯನ್ನೂ ಹುಡುಕಬೇಡ. ಡಬ್ಬಿಯಿಲ್ಲದೆ ವಾಪಸ್ ತೆಗೆದುಕೊಳ್ಳುವುದಿಲ್ಲವೆಂದು ಅಂಗಡಿಯವನು ಹೇಳಿದ್ದ. ಮನೆಗೆ ಬಂದವಳೇ ಅದನ್ನು ಕತ್ತರಿಸಿ ಕಾಲರಿನ ಅಚ್ಚು ಮಾಡಿಕೊಂಡೆ.

ಅಕ್ಕ