ಮುಚ್ಚಳದಲ್ಲಿ ಉಳಿದ ಸ್ಕ್ರೂ

ಮಾನ್ಯ ವಿದ್ಯುತ್ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ‘ಸುರಕ್ಷಿತ’ ಚೀಟಿ ಅಂಟಿಸಿಕೊಂಡು ನಮ್ಮ ಕಾರ್ಖಾನೆಯಿಂದ ಹೋದ ತಿಂಗಳು ಹೊರಟ ಹತ್ತೊಂಬತ್ತು ಬಟ್ಟೆ ಒಗೆಯುವ ಮಿಷನ್‌ಗಳಲ್ಲಿ ಒಂದು ಬಹುಶಃ ಸುರಕ್ಷಿತವಲ್ಲ. ಯಾವುದೆಂದು ನನಗೆ ಗೊತ್ತಿಲ್ಲ. ತಪ್ಪು ನನ್ನದೇ. ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ‘ದೂರು ನಿಗದಿತ ನಮೂನೆಯಲ್ಲಿಲ್ಲ’ ಎಂಬ ಉತ್ತರ ಎರಡು ಸಲವೂ ಬಂತು. ಹೆದರಿಕೆಗೂ ಒಂದು ನಮೂನೆ ಇದ್ದರೆ ಕಳುಹಿಸಿ, ತುಂಬಿ ಕೊಡುತ್ತೇನೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಒಂದು ಕಡೆ ಕುಳಿತು ಓದಿ ಗೊತ್ತಿಲ್ಲ. ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಈ ಸಲ ಪತ್ರಿಕೆಗೆ ಬರೆಯುತ್ತಿರುವುದರಿಂದ ಅದರ ಓದುಗರಿಗಾಗಿ ಹೇಳಬೇಕು. ಮಿಷನ್ನಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಸರ್ಜ್ ಸಪ್ರೆಸರ್ ಇರುತ್ತದೆ. ನಾವು ಅದನ್ನು ಬಿಲ್ಲೆ ಎನ್ನುತ್ತೇವೆ. ಕರೆಂಟ್ ಇದ್ದಕ್ಕಿದ್ದಂತೆ ಉಕ್ಕಿ ಬಂದರೆ ಹೆಚ್ಚಿನದನ್ನು ಅರ್ತ್ ತಂತಿಗೆ ದಾಟಿಸುವುದು ಅದರ ಕೆಲಸ. ಪರೀಕ್ಷೆಯಲ್ಲಿ ನಾವು ಬೇಕೆಂದೇ ಒಂದೂವರೆ ಸಾವಿರ ವೋಲ್ಟ್ ಕೊಡುತ್ತೇವೆ. ಪಾಪದ ಬಿಲ್ಲೆ ಅದನ್ನೂ ದಾಟಿಸಿಬಿಡುತ್ತದೆ, ಕೆಂಪು ದೀಪ ಹತ್ತುತ್ತದೆ, ಒಳ್ಳೆಯ ಮಿಷನ್ನೂ ಫೇಲ್. ಆದ್ದರಿಂದ ಪರೀಕ್ಷೆಗೆ ಮುನ್ನ ಬಿಲ್ಲೆಯನ್ನು ಬಿಚ್ಚಿಡಬಹುದು ಎಂದು ನಿಯಮ. ಅದು ಸರಿಯೇ. ಆದರೆ ನಮ್ಮ ಮಿಷನ್ನಿನಲ್ಲಿ ಬಿಲ್ಲೆಯ ಕಾಲನ್ನೂ ಮಿಷನ್ ಮೈಯ ಅರ್ತ್ ತಂತಿಯನ್ನೂ ಹಿಡಿದಿರುವುದು ಒಂದೇ ಸ್ಕ್ರೂ.

ಆ ದಿನ ಲಾರಿ ಬಾಗಿಲಲ್ಲಿ ನಿಂತಿತ್ತು. ಒಂದೊಂದಾಗಿ ಬಿಚ್ಚಿ ಕಟ್ಟುತ್ತಾ ಕೂತರೆ ಸಂಜೆಯಾಗುತ್ತದೆಂದು ಫೋರ್‌ಮನ್ ಎಲ್ಲವನ್ನೂ ಒಟ್ಟಿಗೆ ಬಿಚ್ಚಿಸಿದರು. ಹತ್ತೊಂಬತ್ತು ಸ್ಕ್ರೂಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟೆ. ಪರೀಕ್ಷೆ ಮುಗಿಸಿ ಎಲ್ಲವನ್ನೂ ಕಟ್ಟಿದೆ. ಲಾರಿ ಹೋದ ಮೇಲೆ ಡಬ್ಬಿ ಮುಚ್ಚಲು ಹೋದರೆ ಮುಚ್ಚಳದಲ್ಲಿ ಒಂದು ಸ್ಕ್ರೂ ಇತ್ತು.

“ಸಾರ್, ಒಂದು ಉಳ್ಕೊಂಡಿದೆ,” ಎಂದೆ.

“ನಿನ್ನ ತಲೇದೇ ಲೂಸಾಗಿ ಬಿದ್ದಿರ್ಬೇಕು ನೋಡಮ್ಮ,” ಎಂದರು ಫೋರ್‌ಮನ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದು ಹಿಂದಿನ ದಿನದ ಸ್ಕ್ರೂ ಇರಬಹುದು, ಇಲ್ಲದೆಯೂ ಇರಬಹುದು. ಅರ್ತ್ ಕಳಚಿದ ಮಿಷನ್ ಚೆನ್ನಾಗಿಯೇ ಓಡುತ್ತದೆ, ಅದೇ ಭಯ. ಎಂದೋ ಒಂದು ದಿನ ಒಳಗಿನ ತಂತಿ ಸವೆದು ಮೈಗೆ ತಾಗಿದರೆ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇರುವುದಿಲ್ಲ. ಮುಟ್ಟಿದವರ ಮೂಲಕ ಇಳಿಯುತ್ತದೆ.

ಮಿಷನ್‌ಗಳು ಹೋದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ. ಅಲ್ಲಿ ನನ್ನ ಅಕ್ಕ ಕೆಲಸ ಮಾಡುತ್ತಾಳೆ. ನೆಲ ಸದಾ ಒದ್ದೆ, ಕೈ ಸದಾ ಒದ್ದೆ. ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ.

“ಹತ್ತೊಂಬತ್ತರಲ್ಲಿ ಯಾವ್ದೇ?”

“ಗೊತ್ತಿಲ್ಲ ಕಣಕ್ಕ.”

“ನೀನು ಸುಳ್ಳಾದ್ರೂ ಹೇಳ್ಬಾರ್ದಾ? ಮೂಲೇಲಿರೋದು ಅಂತಂದಿದ್ರೆ ಅದೊಂದನ್ನ ಬಿಟ್ಟು ಉಳಿದಿದ್ದನ್ನಾದ್ರೂ ನೆಮ್ಮದಿಯಾಗಿ ಮುಟ್ತಿದ್ದೆ!”

ಈಗ ಅವಳು ರಬ್ಬರ್ ಚಪ್ಪಲಿ ಹಾಕಿಕೊಂಡು, ಸೌಟಿನ ಮರದ ಹಿಡಿಯಿಂದ ಸ್ವಿಚ್ ಒತ್ತುತ್ತಾಳಂತೆ. ಜೊತೆಯವರು ‘ಅಡುಗೆ ಭಟ್ರು’ ಎಂದು ಹೆಸರಿಟ್ಟಿದ್ದಾರೆ. ಅವಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ನಾನು ಬೀದಿಯ ತುದಿಯಲ್ಲಿ ನಿಂತಿರುತ್ತೇನೆ.

ನಾನೇ ಹೋಗಿ ಬಿಚ್ಚಿ ನೋಡುತ್ತೇನೆಂದರೆ ಅಲ್ಲಿನ ಮೇಲ್ವಿಚಾರಕರು ಬಿಡಲಿಲ್ಲ. ಮಿಷನ್ನಿನ ಮುಚ್ಚಳದ ಮೇಲೆ ನಿಮ್ಮ ಮೊಹರಿದೆ, ಅದನ್ನು ಒಡೆಯುವುದು ಅಪರಾಧವಂತೆ. ಮಿಷನ್ ಸುರಕ್ಷಿತವೆಂದು ನೀವು ಬರೆದಿರುವುದರಿಂದಲೇ ಅದು ಸುರಕ್ಷಿತವೇ ಎಂದು ಯಾರೂ ನೋಡುವಂತಿಲ್ಲ! ಇದನ್ನು ಯಾವ ಬುದ್ಧಿವಂತರು ಕೂತು ಯೋಚಿಸಿದರು, ಸ್ವಾಮಿ?

ನಿಮ್ಮ ಪರೀಕ್ಷಾ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಅರ್ತ್ ಪರೀಕ್ಷೆ ಮೂರನೆಯ ಸಾಲು. ‘ಸಪ್ರೆಸರ್ ಬಿಚ್ಚಿದೆಯೇ?’ ಏಳನೆಯ ಸಾಲು. ಹೈ ವೋಲ್ಟೇಜ್ ಪರೀಕ್ಷೆ ಎಂಟನೆಯದು. ಒಂಬತ್ತನೆಯ ಸಾಲಿನಲ್ಲಿ ನಿಮ್ಮ ಸಹಿ. ಮತ್ತೆ ಕಟ್ಟಿದೆಯೇ ಎಂದು ಎಲ್ಲಿಯೂ ಕೇಳಿಲ್ಲ. ನಾನು ಮರೆತೆ, ನಿಜ. ನಿಮ್ಮ ಪಟ್ಟಿಯೂ ನನ್ನಂತೆಯೇ ಮರೆತಿದೆ.

ನನ್ನನ್ನು ಕೆಲಸದಿಂದ ತೆಗೆಸಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಆ ಕೋಣೆಗೆ ಬಂದು ಹತ್ತೊಂಬತ್ತೂ ಮಿಷನ್‌ಗಳ ಪ್ಲಗ್ ಕೀಳಿಸಿ, ನಿಮ್ಮ ಮೊಹರನ್ನು ನೀವೇ ಒಡೆಯಿರಿ. ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ. ಬರುವಾಗ ನನಗೆ ಹೇಳಿಕಳುಹಿಸಿ. ಸ್ಕ್ರೂ ಇನ್ನೂ ನನ್ನ ಬಳಿಯೇ ಇದೆ, ತರುತ್ತೇನೆ.

ಇಂತಿ,
ಹತ್ತೊಂಬತ್ತು ಬಿಚ್ಚಿ, ಎಷ್ಟು ಕಟ್ಟಿದೆನೆಂದು ಹೇಳಲಾಗದವಳು